ಕೋಂ ಮರಿಮಲ್ಲಪ್ಪ

ಚಾಮರಾಜನಗರದ ತಾಲ್ಲೂಕು ಕಚೇರಿಯ ಜವಾನ ಬಾಗಿಲಿಗೆ ಬಂದು, "ಚಿಕ್ಕಮಲ್ಲಮ್ಮ ಕೋಂ ಮರಿಮಲ್ಲಪ್ಪಾ!" ಎಂದು ಕೂಗಿದಾಗಲೆಲ್ಲ ಚಿಕ್ಕಮಲ್ಲಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೆಸರು ಅವಳದೇ, ಎದ್ದು ಹೋಗಬೇಕಾದವಳೂ ಅವಳೇ. ಆದರೆ ಆ ಹೆಸರಿನ ಬಾಲದಲ್ಲಿ ಕೂತಿದ್ದ ಗಂಡಸು ಅವಳನ್ನು ಮನೆಯಿಂದ ಆಚೆ ಹಾಕಿ ಹದಿನಾಲ್ಕು ವರ್ಷವಾಗಿತ್ತು. ಗಂಡ ಹೋದ, ಮನೆ ಹೋಯಿತು, ಈ ದರಿದ್ರ ಕೋಂ ಮಾತ್ರ ಬಿಟ್ಟು ಹೋಗಲಿಲ್ಲ.

ಕಾಗದ ಪತ್ರ ಮುಟ್ಟಿದವರಿಗೆ ಈ ಪದ ಗೊತ್ತು. ಗಂಡಸಾದರೆ ಹೆಸರು ಬರೆದು 'ಬಿನ್' ಅಂತ ಹಾಕಿ ಅಪ್ಪನ ಹೆಸರು ಬರೆಯುತ್ತಾರೆ. ಮದುವೆಯಾದ ಹೆಂಗಸಾದರೆ 'ಕೋಂ' ಅಂತ ಹಾಕಿ ಗಂಡನ ಹೆಸರು. ಪಹಣಿಯಲ್ಲಿ ಕೋಂ, ಕ್ರಯಪತ್ರದಲ್ಲಿ ಕೋಂ, ಪಡಿತರ ಚೀಟಿಯಲ್ಲಿ ಕೋಂ. ಕಚೇರಿ ಬಿಟ್ಟು ಈಚೆಗೆ ಬಂದರೆ ಯಾರ ಬಾಯಲ್ಲೂ ಇಲ್ಲ. ಈವರೆಗೆ ಯಾವ ಗಂಡನೂ ಹೆಂಡತಿಯನ್ನು "ಏ ಕೋಂ, ನೀರು ತತ್ತಾ" ಅಂದದ್ದು ಕೇಳಿಲ್ಲ. ಅಂಥ ಪದವೊಂದು ಒಬ್ಬ ಹೆಂಗಸಿನ ಜೀವ ಹಿಂಡಿದ ಕತೆ ಇದು.

ಚಿಕ್ಕಮಲ್ಲಮ್ಮ ಹುಟ್ಟಿದ್ದು ಚಂದಕವಾಡಿಯಲ್ಲಿ. ಹತ್ತೊಂಬತ್ತಕ್ಕೆ ಮದುವೆ. ಕೊಟ್ಟಿದ್ದು ಹರದನಹಳ್ಳಿ ದಾಟಿ ಒಳಕ್ಕೆ ಹೋದರೆ ಸಿಗುವ ಒಂದು ಊರಿಗೆ. ಊರಿನ ಹೆಸರು ಬೇಡ ಬಿಡಿ, ಹೇಳಿದರೆ ನಾಳೆ ಬೆಳಿಗ್ಗೆಯೇ ಜಗಳಕ್ಕೆ ಬರುತ್ತಾರೆ, ಅಲ್ಲಿಯ ಜನವೇ ಅಂಥದ್ದು. ಮರಿಮಲ್ಲಪ್ಪನ ಮನೆ ಮುಂದಲ ಬೀದಿಯಲ್ಲಿ. ಬಾಳೆ, ಅರಿಸಿನ, ಎರಡು ಬೋರು, ಯಾವುದಕ್ಕೂ ಕಮ್ಮಿಯಿಲ್ಲ. ಅರಿಸಿನ ಬೇಯಿಸುವ ಕಾಲಕ್ಕೆ ಆಳುಕಾಳಿಗೆಲ್ಲ ಮುದ್ದೆ ತಿರುವಿ ಹಾಕಿ, ಹಂಡೆಯ ಮುಂದೆಯೂ ನಿಂತು, ಸಂಜೆ ಹೊತ್ತಿಗೆ ಅವಳ ಕೈಕಾಲೆಲ್ಲ ಹಳದಿಯಾಗಿರುತ್ತಿತ್ತು. ದುಡಿತಕ್ಕೆ ಅವಳು ಎಂದೂ ಬೆನ್ನು ತೋರಿಸಿದವಳಲ್ಲ.

ಮರಿಮಲ್ಲಪ್ಪನ ಹೊಲಕ್ಕಿಂತ ಅವನ ಬಾಯಲ್ಲೇ ಬೆಳೆ ಜಾಸ್ತಿ. ಊರವರ ತರಕಾರಿ ಕೊಂಡು ಗುಂಡ್ಲುಪೇಟೆಗೆ ಸಾಗಿಸಿ ಕೇರಳದ ಲಾರಿಗಳಿಗೆ ಹಾಕುತ್ತಿದ್ದ. ಅಲ್ಲಿ ಲಾರಿ ಡ್ರೈವರುಗಳಿಗೆ ಊಟ ಹಾಕುವ ಮೆಸ್ಸಿನವನ ಮಗಳು ಶಶಿರೇಖಾ. ಮೊದಮೊದಲು ಊಟಕ್ಕೆ ಹೋಗುತ್ತಿದ್ದವನು ಆಮೇಲೆ ಊಟವಾದರೂ ಏಳುತ್ತಿರಲಿಲ್ಲ. ಕೊನೆಗೆ ಒಂದು ಸೋಮವಾರ ಅವಳನ್ನು ಕರೆತಂದು, ಜಗುಲಿಯ ಮೇಲೆ ನಿಲ್ಲಿಸಿ, "ನಿಂಗೆ ಮಕ್ಳಾಗ್ನಿಲ್ಲ, ಅದ್ಕೆ ಇವಳು" ಅಂದ. ಹಸು ಬದಲಾಯಿಸುವವನು ಕೂಡ ಅದಕ್ಕಿಂತ ಎರಡು ಮಾತು ಹೆಚ್ಚಿಗೆ ಆಡುತ್ತಾನೆ.

ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು. ಯಜಮಾನರೆಲ್ಲ ಟವೆಲ್ ಹಾಸಿಕೊಂಡು ಕೂತರು. ಚಿಕ್ಕಮಲ್ಲಮ್ಮ ಸೆರಗು ಹೊದ್ದು ಕೆಳಗೆ ನಿಂತು ಕೇಳಿದಳು: "ಕಾಗದದಾಗೆಲ್ಲ ನಾನೇ ಕೋಂ ಅಂತ ಬರ್ದದೆ. ಈಗ ಇವಳೂ ಕೋಂ ಆದ್ರೆ ನಾನೇನಾಗ್ಲಿ?"

ಮರಿಮಲ್ಲಪ್ಪ ಎಲೆ ಅಡಿಕೆ ಉಗಿದು ಬಂದು, "ಕೋಂ ಅನ್ನದು ಒಂದಕ್ಸರ ಕಣ್ರಪ್ಪಾ. ಬರುದ್ರೆ ಬತ್ತದೆ, ಒರ್ಸುದ್ರೆ ಓಯ್ತದೆ. ಅದ್ಕೇನು ಕೋಡು ಮೂಡಿದ್ದಾ?" ಅಂದ.

ಕಟ್ಟೆಯ ಮೇಲಿದ್ದವರು ನಕ್ಕರು. ಟೀ ಅಂಗಡಿಯ ಸೋಮಣ್ಣನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ, ಹಿಂದಲ ಬೀದಿಯಲ್ಲಿದ್ದ ಎರಡಂಕಣದ ಮನೆಯನ್ನು ಅವಳಿಗೆ ಬಿಟ್ಟುಕೊಡಬೇಕೆಂದು ತೀರ್ಮಾನ ಹೇಳಿ, ಎದ್ದು ಟವೆಲ್ ಕೊಡವಿಕೊಂಡು ಹೋದರು. ಒಬ್ಬನಾದರೂ ತಿರುಗಿ ನೋಡಲಿಲ್ಲ.

ಆ ನಗು ಅವಳ ಕಿವಿಯಲ್ಲಿ ಕೂತುಬಿಟ್ಟಿತು. ಗಂಡ ವಾಪಸ್ ಬರಲಿ ಅಂತ ಅವಳು ಯಾವ ದೇವರಿಗೂ ಹರಕೆ ಹೊರಲಿಲ್ಲ. ಅವಳಿಗೆ ಬೇಕಾದ್ದು ಒಂದೇ. ಕಟ್ಟೆಯ ಮೇಲೆ ಅಂದ ಮಾತನ್ನು ಅದೇ ಕಟ್ಟೆಯ ಮುಂದೆ, ಅದೇ ಜನರ ಎದುರಿಗೆ, ಅವನೇ ನುಂಗಬೇಕು. ಇವಳೇ ನನ್ನ ಹೆಂಡತಿ ಅಂತ ಅವನ ಬಾಯಲ್ಲೇ ಬರಬೇಕು. ಬಂದ ಮೇಲೆ ಅವನು ಮಣ್ಣು ಮುಕ್ಕಬೇಕು.

ನಮ್ಮ ಕಡೆ ಹಳೇ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದಂತೆ. ಕಚೇರಿಯಲ್ಲಿ ಕೇಳಿದರೆ ಪಕ್ಕದವಳ ಪಕ್ಕೆ ತಿವಿದು ಅವಳ ಬಾಯಲ್ಲಿ ಹೇಳಿಸುತ್ತಾರೆ. ಚಿಕ್ಕಮಲ್ಲಮ್ಮನೂ ಬಹಳ ವರ್ಷ ಹಾಗೇ ಮಾಡಿದಳು. ಬದನಗುಪ್ಪೆಯ ಒಂದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿ, ದೊಡ್ಡ ತಪ್ಪಲೆಗೆ ರಾಗಿ ಹಿಟ್ಟು ಹಾಕಿ ತಿರುವುತ್ತಿದ್ದಾಗ ಅವಳಿಗೆ ಹೊಳೆಯಿತು. ಅಯ್ಯೋ ನನ್ನ ದಡ್ಡತನವೇ! ಹೆಸರು ಹೇಳಿದರೆ ಆಯಸ್ಸು ಕಮ್ಮಿಯಾಗುವುದಾದರೆ ಹೇಳದೆ ಯಾಕೆ ಕಾಪಾಡಿಕೊಂಡು ಬಂದೆ?

ಅವತ್ತಿನಿಂದ ಶುರು. ಕೋಲು ಒಂದು ಸುತ್ತು ತಿರುಗಿದರೆ ಒಂದು ಮರಿಮಲ್ಲಪ್ಪ, ಇನ್ನೊಂದು ಸುತ್ತಿಗೆ ಇನ್ನೊಂದು ಮರಿಮಲ್ಲಪ್ಪ. ಮುದ್ದೆ ಗಟ್ಟಿಯಾದಷ್ಟೂ ಹೆಸರು ಜೋರಾಗುತ್ತಿತ್ತು. ಪ್ಯಾಕಿಂಗ್ ವಿಭಾಗದ ಮೀನಾ, ಅದೇ ಊರಿನ ಕೂಲಿ ಮನೆತನದ ಹುಡುಗಿ, ಬಾಯಿ ತುಂಬ ಮಾತಿನವಳು, ತಟ್ಟೆ ಹಿಡಿದು ಬಂದವಳು ಕೇಳಿಸಿಕೊಂಡಳು.

"ಏನಕ್ಕ, ಮಂತ್ರ ಏಳ್ತಿದ್ದೀಯಾ?"

"ಊಂ ಕಣಮ್ಮಿ, ಮಂತ್ರ."

"ಯಾವ ದೇವ್ರುದು?"

"ದೇವ್ರುದಲ್ಲ, ದೆವ್ವದ್ದು."

ಆದರೆ ಮೇಲಿರುವವನ ಲೆಕ್ಕವೇ ಸರಿಯಿಲ್ಲ. ಅಷ್ಟು ಹೇಳಿದರೂ ಮರಿಮಲ್ಲಪ್ಪ ಸೊರಗಲಿಲ್ಲ, ದಪ್ಪಗಾದ. ಬುಲೆಟ್ ತಗೊಂಡ. ಗ್ರಾಮ ಪಂಚಾಯಿತಿ ಮೆಂಬರಾದ, ಮತ್ತೊಂದು ಸಲವೂ ಆದ. ಒಂದೇ ಒಂದು ಸಮಾಧಾನವೆಂದರೆ ಶಶಿರೇಖಾಳಿಗೂ ಮಕ್ಕಳಾಗಲಿಲ್ಲ. ಕೊರತೆ ಯಾವ ಕಡೆಯದೆಂದು ಊರಿಗೆ ತಾನಾಗಿಯೇ ತಿಳಿಯಿತು. ಆ ಮಾತು ನಲ್ಲಿ ಕಟ್ಟೆಯಲ್ಲಿ ಮೊದಲ ಸಲ ಕೇಳಿದ ದಿನ ಚಿಕ್ಕಮಲ್ಲಮ್ಮ ಕ್ಯಾಂಟೀನಿನಲ್ಲಿ ಎಲ್ಲರ ತಟ್ಟೆಗೂ ಒಂದೊಂದು ಬಜ್ಜಿ ಹೆಚ್ಚಿಗೆ ಹಾಕಿದಳು.

ಹೀಗಿರುವಾಗ ಪಂಚಾಯಿತಿ ಚುನಾವಣೆ ಬಂತು. ಈ ಸಲ ಅವರ ವಾರ್ಡಿನ ಸೀಟು ಹೆಂಗಸರಿಗೆ ಹೋಯಿತು. ಮರಿಮಲ್ಲಪ್ಪ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಹೆಂಡತಿ ಗೆಲ್ಲುವುದು, ಗಂಡ ಆಳುವುದು ಎಲ್ಲ ಊರಲ್ಲೂ ನಡೆದದ್ದೇ. ಒಂದು ಸಂಜೆ ಚಿಕ್ಕಮಲ್ಲಮ್ಮ ಕಂಪನಿ ವ್ಯಾನಿನಿಂದ ಇಳಿದರೆ ಬಸ್ ಸ್ಟಾಪಿನಲ್ಲಿ ಆಳೆತ್ತರದ ಫ್ಲೆಕ್ಸ್. ಮರಿಮಲ್ಲಪ್ಪ ಕೈ ಮುಗಿದು ನಿಂತಿದ್ದಾನೆ. ಅವನ ಭುಜದ ಹತ್ತಿರ ಸ್ಟಾಂಪಿನಷ್ಟು ಜಾಗದಲ್ಲಿ ಶಶಿರೇಖಾಳ ಮುಖ. ಕೆಳಗೆ ಕೆಂಪಕ್ಷರದಲ್ಲಿ 'ಶ್ರೀಮತಿ ಶಶಿರೇಖಾ ಕೋಂ ಮರಿಮಲ್ಲಪ್ಪ'.

ಚಿಕ್ಕಮಲ್ಲಮ್ಮ ಅದರ ಮುಂದೆ ಬಹಳ ಹೊತ್ತು ನಿಂತಳು. ಪಕ್ಕದಲ್ಲಿದ್ದ ಮೀನಾಗೆ ಹೆದರಿಕೆಯಾಯಿತು, ಅಕ್ಕ ಇನ್ನೇನು ಕಲ್ಲು ಎತ್ತುತ್ತಾಳೆ ಅಂತ. ಅವಳು ಕಲ್ಲು ಎತ್ತಲಿಲ್ಲ. "ನಾಮಪತ್ರ ಆಕಾಕೆ ಕಡೇ ದಿನ ಯಾವತ್ತಮ್ಮಿ?" ಎಂದು ಕೇಳಿದಳು.

ಮಾರನೆಯ ದಿನ ರಜ ಹಾಕಿ ಚಾಮರಾಜನಗರಕ್ಕೆ ಹೋದಳು. ಕಚೇರಿಯ ಹೊರಗೆ ನಿಂಗರಾಜು ಎಂಬ ಟೈಪಿಸ್ಟು ಒಂದು ಪೆಟ್ಟಿಗೆ ಅಂಗಡಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂರುತ್ತಾನೆ. ಅರ್ಜಿ, ಕರಾರು, ಪ್ರಮಾಣಪತ್ರ ಎಲ್ಲ ಅವನೇ ಹೊಡೆದು ಕೊಡುತ್ತಾನೆ. ದಿನ ಬೆಳಗಾದರೆ ಕೋಂ, ಕೋಂ ಎಂದು ಬೆರಳು ಸವೆಸುವವನು. ಅವನು ಇವಳ ಹೆಸರು ಹೊಡೆದು ಕೋಂ ಎಂದು ಹಾಕುವುದನ್ನೇ ನೋಡುತ್ತಿದ್ದವಳು ಸಿಟ್ಟಿನಿಂದ ಕೇಳಿದಳು: "ಅದೇನಪ್ಪಾ ಅದು ಕೋಂ? ಎಲ್ಲಿಂದ ಬಂತು ಈ ಮುಂಡೇದು?"

ನಿಂಗರಾಜು ನಕ್ಕ. "ಯಾರಿಗ್ ಗೊತ್ತು ಬುಡಮ್ಮ? ನಂಗೆ ಕೆಲಸ ಕಲಿಸ್ದೋರು, ಕುಟುಂಬ ಅನ್ನದ್ನ ಮೊಟಕು ಮಾಡವ್ರೆ ಅಂತಿದ್ರು. ಇಲ್ಲೊಬ್ರು ಹಳೇ ಗುಮಾಸ್ತರು ಇದ್ರು, ಮರಾಠಿ ದಫ್ತರದೋರು ಬುಟ್ಟೋಗಿದ್ದು ಅಂತ ಆಣೆ ಇಡೋರು. ಬಿನ್ನು ಅರಬ್ಬೀದು, ಮಗ ಅಂತ, ಅದು ಖಾತ್ರಿ. ಈ ಕೋಂ ಮಾತ್ರ ಯಾರ ಮನೆ ಕೂಸೋ ತಿಳೀದು."

ಪಕ್ಕದಲ್ಲಿ ಕಾಗದಕ್ಕೆ ಕಾಯುತ್ತಿದ್ದ ಒಬ್ಬ ಲಾಯರಿಗೆ ಮಾತಿನ ಚಟ. "ಉರ್ದುವಲ್ಲಿ ಕೌಮ್ ಅಂದ್ರೆ ಜನಾಂಗ, ಕುಲ. ಗಂಡನ ಕುಲದವಳು ಅಂತ ಆಗಿರಬೇಕು. ಇಂಗ್ಲಿಷಲ್ಲಾದ್ರೆ ಡಬ್ಲ್ಯೂ ಬರೆದು ಗೀಟು ಹಾಕಿ ಓ ಬರೀತಾರೆ. ಅದನ್ನ ವೈಫ್ ಆಫ್ ಅಂತಲೂ ಓದಬಹುದು, ವಿತೌಟ್ ಅಂತಲೂ ಓದಬಹುದು" ಎಂದು ತಾನೇ ನಕ್ಕ.

"ವಿತೌಟ್ ಅಂದ್ರೆ?"

"ಇಲ್ಲದವಳು ಅಂತ."

"ನಂದು ಅದೇಯ," ಅಂದಳು ಚಿಕ್ಕಮಲ್ಲಮ್ಮ. ಆಮೇಲೆ ಏನೋ ನೆನಪಾಗಿ, "ಪೇಪರ್ನಾಗೆ ಕೋಮು ಗಲಭೆ, ಕೋಮು ಗಲಭೆ ಅಂತ ಬತ್ತದಲ್ಲ ಸ್ವಾಮಿ, ಆ ಕೋಮೂ ಇದೇನಾ?"

"ಅದು ಆ ಕೌಮಿಂದಲೇ ಬಂದದ್ದು. ಇದೂ ಅದೇ ಇದ್ರೂ ಇರಬಹುದು, ಯಾರು ಕಂಡವರು?"

"ಅದೇ ಇರ್ಲಿ ಬುಡಿ. ಬರಿಯಪ್ಪಾ ನಿಂಗರಾಜು, ಸರಿಯಾಗಿ ಬರಿ. ಗಲಭೇನೇ ಮಾಡನ."

ಊರಿನ ಪಂಚಾಯಿತಿ ಆಫೀಸಿನಲ್ಲಿ ನಾಮಪತ್ರ ತೆಗೆದುಕೊಳ್ಳಲು ಬಂದಿದ್ದ ಅಧಿಕಾರಿ ಬೇರೆ ಊರಿನವರು. ಮೊದಲು ಕೊಟ್ಟ ಶಶಿರೇಖಾಳ ಕಾಗದ ಒಂದು ಕೈಯಲ್ಲಿ, ಇವಳದು ಇನ್ನೊಂದು ಕೈಯಲ್ಲಿ ಹಿಡಿದು ಕನ್ನಡಕ ಸರಿಮಾಡಿಕೊಂಡರು. "ಏನಮ್ಮಾ, ಈ ಊರಲ್ಲಿ ಮರಿಮಲ್ಲಪ್ಪ ಇಬ್ಬರಿದ್ದಾರಾ?"

"ಒಬ್ಬರೇ ಸ್ವಾಮಿ. ಕೋಂಗಳು ಇಬ್ರು," ಅಂದಳು ಚಿಕ್ಕಮಲ್ಲಮ್ಮ.

ಕಚೇರಿಯಲ್ಲಿದ್ದ ಅಷ್ಟೂ ಜನ ಗೊಳ್ಳೆಂದರು. ಸಂಜೆಯೊಳಗೆ ಈ ಮಾತು ಊರು ದಾಟಿ ಹರದನಹಳ್ಳಿಯ ಹೋಟೆಲಿನ ತನಕ ಹೋಯಿತು. ಮರಿಮಲ್ಲಪ್ಪನಿಗೆ ನಗು ಬರಲಿಲ್ಲ. ಎರಡು ಹೆಸರಿನ ಬಾಲದಲ್ಲೂ ಒಂದೇ ಮರಿಮಲ್ಲಪ್ಪ ಇದ್ದರೆ ಓಟು ಎರಡು ಪಾಲಾಗುತ್ತದೆ. ಹೆಂಗಸರಂತೂ ಚಿಕ್ಕಮಲ್ಲಮ್ಮನ ಮುಖ ನೋಡಿಯೇ ಒತ್ತುತ್ತಾರೆ. ಕಣದಲ್ಲಿದ್ದ ಮೂರನೆಯವಳು ರಂಗಸ್ವಾಮಿಯ ಹೆಂಡತಿ ಶಿವಮ್ಮ. ರಂಗಸ್ವಾಮಿಗೂ ಇವನಿಗೂ ಬದುವಿನ ಜಗಳ, ಮುಖ ಕಂಡರೆ ಆಗದು. ಆ ರಂಗಸ್ವಾಮಿ ಪಂಚಾಯಿತಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುವುದನ್ನು ನೆನೆದರೇ ಮರಿಮಲ್ಲಪ್ಪನಿಗೆ ಅನ್ನ ಸೇರಲಿಲ್ಲ.

ಅವನು ಮೊದಲು ಸೋಮಣ್ಣನನ್ನು ಕಳಿಸಿದ. ಸೋಮಣ್ಣ ಹಿಂದಲ ಬೀದಿಗೆ ಬಂದು, "ದೊಡ್ ಮನಸು ಮಾಡವ್ವ, ಮನೆತನದ ಮರ್ವಾದೆ ಪ್ರಶ್ನೆ" ಎಂದು ರಾಗ ಎಳೆದ.

"ಮರ್ವಾದೆ ಇರೋರೇ ಬಂದು ಕೇಳ್ಲಿ ಸೋಮಣ್ಣ. ವಾಪಸ್ ತಗಳದು ಶುಕ್ರವಾರ ಮೂರ್ಗಂಟೆಗಂಟ ಅದೆ. ಅವತ್ತು ಮಧ್ಯಾಹ್ನ ಬರಾಕೇಳು. ಒಬ್ರೇ ಬರ್ಲಿ," ಅಂದಳು.

ಅದೇ ಸಂಜೆ ಮೀನಾಳ ಕೈಯಲ್ಲಿ ಮುಂದಲ ಬೀದಿಗೆ ಇನ್ನೊಂದು ಮಾತು ಕಳಿಸಿದಳು, ಗುಟ್ಟಾಗಿ. ಶಶಿರೇಖಾ ತಾನೇ ಬಂದು ಕೇಳಿದರೆ ನಾಮಪತ್ರ ವಾಪಸ್ ತಗೊಳ್ಳುತ್ತಾಳಂತೆ, ಶುಕ್ರವಾರ ಹಿತ್ತಲ ಬಾಗಿಲಿಂದ ಬರಬೇಕಂತೆ, ಯಜಮಾನರಿಗೆ ಗೊತ್ತಾಗಬಾರದಂತೆ. ಶಶಿರೇಖಾ ನಂಬಿದಳು.

ಬಂದಳು ಕೂಡ. ಜಗುಲಿಯ ಮೇಲೆ ನಿಂತ ಆ ಸೋಮವಾರ ಬಿಟ್ಟರೆ, ಇಷ್ಟು ವರ್ಷ ಒಂದೇ ಊರಲ್ಲಿದ್ದರೂ ಇಬ್ಬರೂ ಒಬ್ಬರ ಮುಖ ಒಬ್ಬರು ಹತ್ತಿರದಿಂದ ನೋಡಿರಲಿಲ್ಲ. ಶಶಿರೇಖಾಳ ಕೂದಲೂ ಬೆಳ್ಳಗಾಗಲು ಶುರುವಾಗಿತ್ತು. "ಅಕ್ಕಾ, ನಂಗೆ ಈ ಎಲೆಕ್ಷನ್ನೇ ಬ್ಯಾಡ ಅಂದಿದ್ದೆ. ಅವ್ರು ಕೇಳ್ನಿಲ್ಲ" ಅಂದಳು.

"ಅಕ್ಕಾ ಗಿಕ್ಕಾ ಅನ್ಬ್ಯಾಡ. ಅಡುಗೆ ಮನೇಲಿ ಕೂತ್ಕೊ. ಈಗವ್ರು ಬತ್ತರೆ. ನಾ ಕರಿಯೋಗಂಟ ಉಸುರು ಬುಡ್ಬ್ಯಾಡ," ಅಂದಳು ಚಿಕ್ಕಮಲ್ಲಮ್ಮ. ಒಲೆಯ ಮುಂದೆ ಮಣೆ ಹಾಕಿಕೊಟ್ಟಳು. ನೀರು ಬೇಕಾ ಅಂತ ಕೂಡ ಕೇಳಲಿಲ್ಲ. ಅವಳ ಮನಸ್ಸಿನಲ್ಲಿದ್ದದ್ದು ಇಷ್ಟೇ: ನನ್ನ ಕರುಳು ಹೇಗೆ ಉರಿಯಿತೋ ಇವಳದೂ ಹಾಗೇ ಉರಿಯಲಿ.

ಬುಲೆಟ್ ಸದ್ದು ಬೀದಿ ತುದಿಯಲ್ಲೇ ಕೇಳಿಸಿತು. ಮರಿಮಲ್ಲಪ್ಪ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಅವಳಿಗೆ ಬಿಟ್ಟುಕೊಟ್ಟ ಮೇಲೆ ಈ ಮನೆಯೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಚಾಪೆಯ ಮೇಲೆ ಕೂತು ಸುತ್ತ ನೋಡಿ, "ಪರ್ವಾಗಿಲ್ಲ, ಚೆಂದಾಗಿ ಮಡಗಿದ್ದೀಯ" ಅಂದ. ಅವಳು ಕಂಬಕ್ಕೆ ಒರಗಿ ನಿಂತಳು.

"ನೋಡು, ಆಗಿದ್ದಾಯ್ತು. ನಾಮಪತ್ರ ವಾಪಸ್ ತಗಂಬುಡು. ಮುಂದಲ ಬೀದಿಗೆ ಬಂದ್ಬುಡು. ದೊಡ್ಡ ಕೋಣೆ ನಿಂದೇಯ."

"ಅಲ್ಲಿ ಅವಳವ್ಳಲ್ಲ?"

"ಅವಳಾ?" ಮರಿಮಲ್ಲಪ್ಪ ದನಿ ತಗ್ಗಿಸಿದ. "ಐದು ವರ್ಸ ಕಣೆ. ಮೆಂಬರ್ಗಿರಿ ಒಂದು ಮುಗೀಲಿ. ಆಮ್ಯಾಕೆ ಗುಂಡ್ಲುಪೇಟೆ ಬಸ್ ಅತ್ತಿಸ್ಬುಡ್ತೀನಿ. ಅವಳು ಸಯಿ ಆಕಾಕೆ ಇರೋಳು, ಅಷ್ಟೇಯ."

"ಹಂಗಾರೆ ನಿಮ್ಗೆ ಕೋಂ ಯಾರು?"

"ನೀನೇ ಕಣೆ. ಯಾವತ್ತಿದ್ರೂ ನೀನೇಯ. ಗುರುಹಿರಿಯರ ಮುಂದೆ ತಾಳಿ ಕಟ್ಟಿವ್ನಿ, ಸುಮ್ನೇನಾ? ಅವಳ್ದೆಲ್ಲ ಕಾಗದದ್ ಮ್ಯಾಲಿಂದು."

ಸುಳ್ಳು ಹೇಳಿ ಏನು ಪ್ರಯೋಜನ, ಆ ಮಾತಿಗೆ ಚಿಕ್ಕಮಲ್ಲಮ್ಮನ ಎದೆ ಒಂದು ಗಳಿಗೆ ಕರಗಿತು. ಹತ್ತು ವರ್ಷದ ಹಿಂದೆ ಈ ಮಾತು ಬಂದಿದ್ದರೆ ಹಾಸಿಗೆ ಸುತ್ತಿಕೊಂಡು ಅವನ ಹಿಂದೆ ಹೊರಟೇಬಿಡುತ್ತಿದ್ದಳು. ಈಗಲೂ ಕರಗಿತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆ ಹೇಸಿಗೆಯಲ್ಲೇ ಅಡುಗೆ ಮನೆಯ ಕಡೆ ತಿರುಗಿ ಕೂಗಿದಳು: "ಕೇಳಿಸ್ತೇನವ್ವಾ? ಬಾ ಈಚೆಗೆ."

ಶಶಿರೇಖಾ ಬಂದು ನಡುಮನೆಯಲ್ಲಿ ನಿಂತಳು. ಮರಿಮಲ್ಲಪ್ಪ ಚಾಪೆಯಿಂದ ದಡಬಡಿಸಿ ಎದ್ದ. ಅಳುತ್ತಾಳೆ, ಚೀರುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಅಂತ ಚಿಕ್ಕಮಲ್ಲಮ್ಮ ಕಾದಳು. ಶಶಿರೇಖಾ ಅತ್ತಿರಲಿಲ್ಲ. ಮುಖ ಮಾತ್ರ ಬೂದಿಯಾಗಿತ್ತು.

"ಬಸ್ ನೀವು ಅತ್ತಿಸ್ಬ್ಯಾಡಿ," ಅಂದಳು ಗಂಡನಿಗೆ. "ನಂಗೆ ದಾರಿ ಗೊತ್ತು."

ಅವಳನ್ನು ಕರೆತಂದಿದ್ದ ಮೀನಾ ಹೊರಗೆ ಸ್ಕೂಟರಿನ ಮೇಲೆ ಸಿದ್ಧವಾಗಿದ್ದಳು. ಶಶಿರೇಖಾ ಹಿಂದೆ ಹತ್ತಿ ಕೂತು, "ಪಂಚಾಯ್ತಿ ಆಫೀಸಿಗೆ ನಡಿ" ಅಂದಳು. ಮರಿಮಲ್ಲಪ್ಪ ಪಂಚೆ ಎತ್ತಿಕಟ್ಟಿ ಓಡಿಬಂದು ಬುಲೆಟ್ ಒದ್ದ. ಅದು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಅವನು ಬೆವರು ಸುರಿಸಿಕೊಂಡು ಕಚೇರಿ ತಲುಪುವ ಹೊತ್ತಿಗೆ ಶಶಿರೇಖಾ ನಾಮಪತ್ರ ವಾಪಸ್ ತಗೊಂಡು ಸಹಿ ಹಾಕಿಯಾಗಿತ್ತು. ಸಂಜೆಯ ಬಸ್ಸಿಗೆ ಒಂದು ಸೂಟ್‌ಕೇಸು ಹಿಡಿದು ಗುಂಡ್ಲುಪೇಟೆಗೆ ಹೊರಟುಹೋದಳು. ಪಾಪ ಅನ್ನಿಸಲಿಲ್ಲವೇ ಅಂತ ಮೀನಾ ಕೇಳಿದಳು. ಅನ್ನಿಸಲಿಲ್ಲ ಅಂತಲೇ ಚಿಕ್ಕಮಲ್ಲಮ್ಮ ಹೇಳಿದಳು. ಆದರೆ ಅವತ್ತು ಅಡುಗೆ ಮನೆಗೆ ಹೋದವಳು ಒಲೆ ಹಚ್ಚಲಿಲ್ಲ, ನೀರು ಕುಡಿದು ಮಲಗಿದಳು.

ಈಗ ಕಣದಲ್ಲಿ ಉಳಿದವರು ಇಬ್ಬರೇ, ಶಿವಮ್ಮ ಮತ್ತು ಚಿಕ್ಕಮಲ್ಲಮ್ಮ. ಮರಿಮಲ್ಲಪ್ಪ ಒಂದು ದಿನ ಮನೆ ಬಿಟ್ಟು ಈಚೆಗೆ ಬರಲಿಲ್ಲ. ಎರಡನೆಯ ದಿನ ಸೋಮಣ್ಣ ಹೋಗಿ, "ಇನ್ನೂ ಒಂದು ಕೋಂ ಉಳ್ಕಂಡದಲ್ಲಪ್ಪಾ, ಯಾಕ್ ಮಂಕಾಗಿ ಕುಂತಿದ್ದೀಯ?" ಅಂದ. ಮರಿಮಲ್ಲಪ್ಪನ ಕಣ್ಣರಳಿತು. ಗೆದ್ದರೆ ಚಿಕ್ಕಮಲ್ಲಮ್ಮ ಗೆಲ್ಲಬೇಕು, ಗೆದ್ದ ಮೇಲೆ ಗಂಡ ಆಳಬೇಕು. ಕಾಗದದಲ್ಲಿ ಗಂಡ ತಾನೇ ತಾನೆ? ಮೂರನೆಯ ದಿನ ಬಸ್ ಸ್ಟಾಪಿನಲ್ಲಿ ಹಳೇ ಫ್ಲೆಕ್ಸ್ ಇಳಿದು ಹೊಸದು ಏರಿತು. ಅವನ ಮುಖ ಅಷ್ಟೇ ದೊಡ್ಡದು, ಸ್ಟಾಂಪಿನ ಜಾಗದಲ್ಲಿ ಚಿಕ್ಕಮಲ್ಲಮ್ಮ.

ಅವಳು ಬೇಡವೆನ್ನಲಿಲ್ಲ. ಒಂದೇ ಕಟ್ಟಳೆ ಹಾಕಿದಳು: "ನಂಗೆ ಮಾತಾಡಾಕೆ ಬರಕಿಲ್ಲ. ಮನೆಮನೆಗೂ ನೀವೇ ಬಂದು, ನಾನ್ಯಾರು ಅಂತ ನೀವೇ ಏಳ್ಬೇಕು."

ಅವನು ಒಪ್ಪಿದ. ಪ್ರಚಾರ ಶುರುವಾಯಿತು. ಮುಂದೆ ಮರಿಮಲ್ಲಪ್ಪ, ಹಿಂದೆ ಹುಡುಗರ ದಂಡು, ಅದರ ಹಿಂದೆ ಸೆರಗು ಹೊದ್ದ ಚಿಕ್ಕಮಲ್ಲಮ್ಮ. ಪ್ರತಿ ಬಾಗಿಲಲ್ಲೂ ಅವನು ಕೈ ಮುಗಿದು, "ಇವಳು ನನ್ನ ಎಂಡ್ತಿ, ಓಟು ಕೊಡ್ರವ್ವಾ" ಅನ್ನಬೇಕು. ಮೇಲಿನ ಕೇರಿಯಲ್ಲಿ ಅಂದ, ಕೆಳಗಿನ ಕೇರಿಯಲ್ಲಿ ಅಂದ. ಎಂದೂ ಯಾರ ಹೊಸ್ತಿಲ ಮುಂದೆಯೂ ಬಗ್ಗದವನು ಮೀನಾಳ ಅಪ್ಪ ಮುದ್ದಯ್ಯನ ಹೊಸ್ತಿಲ ಮುಂದೆ ಸೊಂಟ ಬಗ್ಗಿಸಿ ಅಂದ. "ಯಾವ ಎಂಡ್ತಿ ಬುದ್ಧೀ?" ಎಂದು ಮುದ್ದಯ್ಯ ಏನೂ ಅರಿಯದವನಂತೆ ಕೇಳಿದ. "ಒಬ್ಬಳೇ ಕಣ್ಲಾ ಇರೋದು" ಎಂದು ಹಲ್ಲು ಕಚ್ಚಿಕೊಂಡು ಹೇಳಿದ. ಒಳಗಿನಿಂದ ಹೆಂಗಸರ ಕಿಸಿಕಿಸಿ ಕೇಳಿಸಿತು.

ಕೊನೆಯ ದಿನ ಅರಳಿಕಟ್ಟೆಯ ಹತ್ತಿರ ಬಂದರು. ಅವತ್ತಿನ ಯಜಮಾನರಲ್ಲಿ ಉಳಿದಿದ್ದವರೆಲ್ಲ ಅಲ್ಲೇ ಕೂತಿದ್ದರು. ಮರಿಮಲ್ಲಪ್ಪ ದೂರದಿಂದಲೇ ಕೈ ಮುಗಿದು ಮುಂದೆ ಹೋಗುವುದರಲ್ಲಿದ್ದ. ಚಿಕ್ಕಮಲ್ಲಮ್ಮ ನಿಂತುಬಿಟ್ಟಳು.

"ಇಲ್ಲಿ ಏಳ್ನಿಲ್ವಲ್ಲ ನೀವು?"

"ಇವ್ರಿಗೆಲ್ಲ ಗೊತ್ತಿಲ್ವಾ?"

"ಗೊತ್ತಿದ್ರೂ ಏಳಿ."

ಅವನು ಅಂದ. ಅವಳು ಕದಲಲಿಲ್ಲ. "ಸೋಮಣ್ಣಂಗೆ ಕಿವಿ ಮಂದ, ಜೋರಾಗಿ." ಅವನು ಜೋರಾಗಿ ಅಂದ. "ಮರಿಮಲ್ಲಪ್ಪಂಗೆ ಕೋಂ ಯಾರು ಅಂತ ಸೇರಿಸಿ ಏಳಿ." ಅವನ ಕತ್ತಿನ ನರ ಉಬ್ಬಿತು. ಊರೆಲ್ಲ ನೋಡುತ್ತಿತ್ತು, ಮಾರನೆಯ ದಿನವೇ ಓಟು. "ಚಿಕ್ಕಮಲ್ಲಮ್ಮನೇ ನಂಗೆ ಕೋಂ, ಇನ್ಯಾರೂ ಇಲ್ಲ" ಎಂದು ಕೂಗಿದ. ಕಟ್ಟೆಯ ಮೇಲಿದ್ದವರು ತಲೆ ತಗ್ಗಿಸಿದರು. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರು ಮಾತ್ರ ಕೊಡ ಕೆಳಗಿಟ್ಟು ಮನಸಾರೆ ನಕ್ಕರು. ಚಿಕ್ಕಮಲ್ಲಮ್ಮನಿಗೆ ಅವತ್ತು ಎಷ್ಟು ಸುಖವಾಯಿತೆಂದರೆ, ಇಷ್ಟು ಸುಖ ಪಾಪವಿರಬೇಕು ಅಂತ ಅವಳಿಗೇ ಅನ್ನಿಸಿತು. ಪಾಪವಾದರೆ ಆಗಲಿ, ಅನುಭವಿಸಿಯೇ ಬಿಡುತ್ತೇನೆ ಅಂದುಕೊಂಡಳು.

ಅವಳು ಗೆದ್ದಳು. ಎಣಿಕೆ ಅರ್ಧ ಆಗುವಷ್ಟರಲ್ಲೇ ಶಿವಮ್ಮನ ಕಡೆಯವರು ಎದ್ದು ಹೋದರು. ಹೆಂಗಸರು ಜಾತಿ, ಕೇರಿ ನೋಡದೆ ಒತ್ತಿದ್ದರು. ಎಣಿಕೆ ಮುಗಿಸಿಕೊಂಡು ಚಾಮರಾಜನಗರದಿಂದ ಊರಿಗೆ ಬರುವ ಹೊತ್ತಿಗೆ ಇನ್ನೂ ಬಿಸಿಲಿತ್ತು. ತಮಟೆ, ಪಟಾಕಿ, ಗುಲಾಲು. ಎಲ್ಲಕ್ಕಿಂತ ಮುಂದೆ ಮರಿಮಲ್ಲಪ್ಪ, ಕೊರಳಲ್ಲಿ ಗುಂಡ್ಲುಪೇಟೆಯ ಚೆಂಡು ಹೂವಿನ ದಪ್ಪ ಹಾರ. ನೋಡಿದವರು ಗೆದ್ದವನು ಅವನೇ ಅಂದುಕೊಳ್ಳಬೇಕು. ಚಿಕ್ಕಮಲ್ಲಮ್ಮನ ಕೊರಳಿಗೆ ಮೀನಾ ಒಂದು ಎಳೆ ಮಲ್ಲಿಗೆ ಹಾಕಿದ್ದಳು.

ಮೆರವಣಿಗೆ ಹಿಂದಲ ಬೀದಿಗೆ ತಿರುಗಿ ಅವಳ ಮನೆ ಮುಂದೆ ನಿಂತಿತು. ಆಗ ಎಲ್ಲರೂ ಒಂದು ವಿಚಿತ್ರ ನೋಡಿದರು. ಜನರ ನಡುವೆ ದಾರಿ ಮಾಡಿಕೊಂಡು ಇಬ್ಬರು ಆಳುಗಳು ಮರಿಮಲ್ಲಪ್ಪನ ಮಂಚ ಹೊತ್ತು ತಂದರು. ತೇಗದ ಮಂಚ, ಅವನಪ್ಪನ ಕಾಲದ್ದು. ಮೇಲೆ ಹಾಸಿಗೆ, ದಿಂಬು, ಒಂದು ಬ್ಯಾಗು. ಅವನು ಯೋಚನೆಯನ್ನೆಲ್ಲ ಮಾಡಿ ಮುಗಿಸಿದ್ದ. ಮುಂದಲ ಬೀದಿಯ ಮನೆಯಲ್ಲಿ ಈಗ ಒಲೆ ಹಚ್ಚುವವರಿಲ್ಲ. ಜನ ಕೆಲಸ ಹಿಡಿದು ಬರುವುದು ಮೆಂಬರ್ ಮನೆ ಬಾಗಿಲಿಗೆ. ಆ ಬಾಗಿಲಲ್ಲಿ ತಾನು ಕೂರಬೇಕು.

ಪಕ್ಕದ ಮನೆಯವರು ಆರತಿ ತಂದರು. ಚಿಕ್ಕಮಲ್ಲಮ್ಮ ಆರತಿ ತಗೊಂಡು ಹೊಸ್ತಿಲು ದಾಟಿ ಒಳಗೆ ನಿಂತಳು. ಮರಿಮಲ್ಲಪ್ಪ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ.

"ಎಲ್ಲಿಗೆ ಬಂದ್ರಿ?" ಅಂದಳು.

"ಇದೇನ್ ಇಂಗ್ ಕೇಳೀಯೆ? ಮನೆಗೆ. ನೀನು ಮೆಂಬರು, ನಾನು ನಿನ್ ಗಂಡ. ನಾಳೆಯಿಂದ ನೂರು ಜನ ಬತ್ತರೆ, ಆಫೀಸರ್ಗೋಳು ಬತ್ತರೆ. ನೀ ಒಳ್ಗಿರು, ಎಲ್ಲ ನಾನ್ ನೋಡ್ಕತೀನಿ." ಆಮೇಲೆ ತಿರುಗಿ, "ಮಂಚ ತನ್ರಲಾ" ಅಂದ.

ತಮಟೆ ನಿಂತಿತು. ಹುಡುಗರು ಮೊಬೈಲು ಎತ್ತಿ ಹಿಡಿದರು. ಯಾರೋ ಮುದುಕಿ, "ಬುಟ್ಕಳವ್ವಾ, ಎಷ್ಟಾದ್ರೂ ಗಂಡ" ಅಂದಳು. ಚಿಕ್ಕಮಲ್ಲಮ್ಮ ಎರಡು ಕೈಯನ್ನೂ ಚೌಕಟ್ಟಿಗೆ ಅಡ್ಡ ಇಟ್ಟಳು. ಮದುವೆಯಾದಂದಿನಿಂದ ಅವನನ್ನು ನೀವು ಅಂತಲೇ ಮಾತಾಡಿಸಿದ್ದವಳ ಬಾಯಲ್ಲಿ ಆಗ ಬೇರೆ ಮಾತು ಬಂತು.

"ಹೌದು, ನೀನು ನನ್ನ ಗಂಡನೇಯ. ಊರಿಗೆಲ್ಲ ಸಾರಿದ್ದೀಯ, ನಾನು ಇಲ್ಲ ಅನ್ನಕಿಲ್ಲ. ಹದ್ನಾಕು ವರ್ಸ ನಿನ್ನೆಸ್ರು ಒಂದ ಇಟ್ಕಂಡು ಗಂಡ ಇಲ್ದಂಗೆ ಬಾಳಿವ್ನಿ. ಇನ್ಮೇಲೆ ನನ್ನೆಸ್ರು ಒಂದ ಇಟ್ಕಂಡು ಎಂಡ್ತಿ ಇಲ್ದಂಗೆ ನೀನು ಬಾಳು. ಎಂಗಿರ್ತದೆ ಅಂತ ನೋಡು."

ಬಾಗಿಲು ಹಾಕಿದಳು. ಒಳಗಿನಿಂದ ಚಿಲಕ ಬಿದ್ದದ್ದು ಬೀದಿಗೆಲ್ಲ ಕೇಳಿಸಿತು. ಮರಿಮಲ್ಲಪ್ಪ ಹಾರದ ಸಮೇತ ಮೆಟ್ಟಿಲ ಮೇಲೆ ನಿಂತಿದ್ದ. ಮಂಚ ಹೊತ್ತಿದ್ದವರಲ್ಲಿ ಒಬ್ಬನಿಗೆ ಭುಜ ನೋಯಲು ಶುರುವಾಗಿರಬೇಕು.

"ಅಣ್ಣಾ," ಅಂದ ಅವನು, "ಇದ್ನ ಈಗ ಎಲ್ಲಿ ಇಳ್ಸನ?"